ಬಲಗಡೆಯ ದವಡೆಹಲ್ಲು

ಚಿಕಿತ್ಸೆಯ ಬಿಲ್ಲುಗಳಲ್ಲಿನ ಸಂಕೇತಸಂಖ್ಯೆಗಳೆಲ್ಲ ಸರಿಯಾಗಿದ್ದವು. ವಿಮಾ ಕಂಪನಿಯ ತಪಾಸಣಾಧಿಕಾರಿ ಕೊನೆಯ ಕಡತ ತೆರೆದಾಗ ದಂತ ಚಿಕಿತ್ಸಾಲಯದ ದಾಖಲೆ ಬರೆಯುವ ಪಂಕಜಾಕ್ಷಿ ಎದ್ದು ನಿಂತಳು. ಅದು ಅಧಿಕಾರಿಯದೇ ಕಡತ. ಹೋದ ವರ್ಷ ಅವರು ಇಲ್ಲಿಯೇ ಹಲ್ಲು ಕೀಳಿಸಿಕೊಂಡಿದ್ದರು.

"ಏನಮ್ಮ, ನನಗೆ ಕಿತ್ತಿದ್ದು ಎಡಗಡೆ ದವಡೆಹಲ್ಲು. ಇಲ್ಲಿ ಬಲಗಡೆ ಅಂತಿದೆಯಲ್ಲ?"

"ಸರ್, ಹಲ್ಲಿನ ನಕ್ಷೆ ರೋಗಿ ನಮ್ಮೆದುರು ಕೂತಂಗಿರತ್ತೆ, ಅವರ ಎಡ ನಮ್ಮ ಬಲಕ್ಕೆ ಬರತ್ತೆ. ಆಗ ನಾನು ಹೊಸಬಳು. ನನ್ನ ಎಡಗೈ ಕಡೆಗೇ ಗುರುತು ಹಾಕ್ಬಿಟ್ಟೆ."

"ಇಂಥ ತಪ್ಪಿಗೆ ಕೆಲಸ ಹೋಗತ್ತೆ, ಗೊತ್ತಾ?"

"ಗೊತ್ತು ಸರ್. ಈಗಲೇ ತಿದ್ದಿ, ಪಕ್ಕದಲ್ಲಿ ತಾರೀಖು ಹಾಕಿ ರುಜು ಮಾಡ್ತೀನಿ." ಅವಳು ಪೆನ್ನು ಹಿಡಿದಳು.

"ತಾಳಮ್ಮ. ಕೆಳಗೆ 'ಪರಿಶೀಲಿಸಿದೆ, ದೋಷವಿಲ್ಲ' ಅಂತಿದೆ. ಇದ್ಯಾರ ರುಜು?"

"ನಿಮ್ದೇ ಸರ್. ಹೋದ ಸಲದ ತಪಾಸಣೇಲಿ ಹಾಕಿದ್ದು."

ಅಧಿಕಾರಿ ಬಾಗಿ ಆ ರುಜುವನ್ನು ನೋಡಿದರು. ಅವರ ನಾಲಿಗೆ ಬಾಯೊಳಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಓಡಾಡಿದ್ದು ಕೆನ್ನೆಯ ಮೇಲೆಯೇ ಕಾಣುತ್ತಿತ್ತು.

"ಇಪ್ಪತ್ತೆರಡು ವರ್ಷದ ಸರ್ವೀಸಲ್ಲಿ ನಾನು ಪಾಸು ಮಾಡಿದ ದಾಖಲೆ ಒಂದೂ ಸುಳ್ಳಾಗಿಲ್ಲಮ್ಮ," ಎಂದರು.

ಮೆಲ್ಲಗೆ ಅವಳ ಕೈಯಿಂದ ಪೆನ್ನು ತೆಗೆದುಕೊಂಡು ಮುಚ್ಚಳ ಹಾಕಿದರು. ಕಡತ ಕಂಕುಳಲ್ಲಿಟ್ಟುಕೊಂಡು ನೇರವಾಗಿ ದಂತವೈದ್ಯರಿದ್ದ ಒಳಕೋಣೆಗೆ ಹೋಗಿ, ರೋಗಿಗಳ ಕುರ್ಚಿಯಲ್ಲಿ ಒರಗಿ ಕುಳಿತರು. ಪಂಕಜಾಕ್ಷಿ ಬಾಗಿಲಲ್ಲೇ ನಿಂತಳು.

"ಡಾಕ್ಟ್ರೇ," ಎಂದರು ಅಧಿಕಾರಿ, "ಈ ಬಲಗಡೆ ಹಲ್ಲು ಕಿತ್ತು ಎಡಗಡೆ ಕೂರಿಸಿಬಿಡಿ."