ನಾಲ್ಕು ಗಂಟೆ ಹತ್ತು ನಿಮಿಷ

ಇಸವಿ ಹೇಳಬೇಕು, ಗಂಟೆ ಹೇಳಬಾರದು. ವಾಚ್ ರಿಪೇರಿ ಅಂಗಡಿಯ ಮೆಟ್ಟಿಲು ಹತ್ತುವಾಗ ಅವಳು ಮೂರನೇ ಸಲ ತನಗೆ ತಾನೇ ಹೇಳಿಕೊಂಡಳು. ಕೇಳಿದ ಗಂಟೆಗೆ ಮುಳ್ಳು ತಿರುಗಿಸಿ ತಂದುಕೊಡುವುದು ಯಾವ ಮಹಾ ವಿದ್ಯೆ?

ಅವಳ ಕಸುಬೇ ಅನುಮಾನ. ಮುದ್ರಣಾಲಯದಲ್ಲಿ ಕರಡು ತಿದ್ದುವವಳು. ಹತ್ತು ವರ್ಷದಿಂದ ಬೇರೆಯವರ ತಪ್ಪು ಹೆಕ್ಕಿಯೇ ಹೊಟ್ಟೆ ಹೊರೆದವಳು. ಒಂದು ಕಥೆಯ ಕರಡನ್ನು ಮಾತ್ರ ಅವಳು ಎಂದೂ ತಿದ್ದಿರಲಿಲ್ಲ. ಅದು ಅಜ್ಜಿ ಹೇಳಿದ್ದು.

“ನೀನು ಹುಟ್ಟೋ ವರ್ಷ ನಿಮ್ಮ ತಾತ ಹೊಸ ವಾಚು ಕೊಂಡಿದ್ರು ಕಣೇ. ಆಸ್ಪತ್ರೆ ವರಾಂಡದಲ್ಲಿ ಅದನ್ನೇ ನೋಡ್ಕೊಂಡು ಕೂತಿದ್ರು. ನೀನು ಒಳಗೆ ಕುಂಯ್ ಅಂದೆ ನೋಡು, ವಾಚು ನಿಂತೇ ಹೋಯ್ತು. ನಾಲ್ಕು ಗಂಟೆ ಹತ್ತು ನಿಮಿಷ. ಯಾರಿಗೂ ಹೇಳ್ಬೇಡ. ಹತ್ತು ಬಾಯಿಗೆ ಬಿದ್ದ ಕಥೆ ಸತ್ವ ಕಳ್ಕೊಳ್ಳುತ್ತೆ.”

ಚಿಕ್ಕಂದಿನಿಂದ ಕೇಳಿದ ಈ ಕಥೆಗೆ ಅಜ್ಜಿ ಮೊನ್ನೆ ಮೊನ್ನೆ ಒಂದು ಬಾಲ ಸೇರಿಸಿದ್ದಳು. ತಾತ ಆ ವಾಚನ್ನು ಮಾರಿದ್ದು ಬೀದಿ ಮೂಲೆಯ ಅಂಗಡಿಗಂತೆ. ಇನ್ನೂ ಅಲ್ಲೇ ಬಿದ್ದಿರಬಹುದಂತೆ.

ಹನ್ನೊಂದು ಮೊಮ್ಮಕ್ಕಳಲ್ಲಿ ಅವಳು ಆರನೆಯವಳು. ಹಿರಿಯರಿಗೆ ಸಿಗುವ ಮರ್ಯಾದೆಯೂ ಇಲ್ಲ, ಕಿರಿಯರಿಗೆ ಸಿಗುವ ಮುದ್ದೂ ಇಲ್ಲ. ಮನೆಯ ಫೋಟೋಗಳಲ್ಲೆಲ್ಲ ಯಾರದೋ ಭುಜದ ಹಿಂದೆ ಅರ್ಧ ಮುಖ. ತನಗಾಗಿ ಕಾಲ ಒಮ್ಮೆ ನಿಂತಿತ್ತು ಎನ್ನುವುದೊಂದೇ ಅವಳ ಆಸ್ತಿ. ವಾಚು ಸಿಕ್ಕರೆ ಕಥೆ ನಿಜ. ಸಿಗದಿದ್ದರೆ ಅವಳು ಬರೀ ಆರನೆಯವಳು.

ದೊಡ್ಡಪ್ಪನ ಮಗನಿಗಾದರೂ ಹೇಳಿಕೊಳ್ಳೋಣವೆಂದರೆ ಅವನು ಈಚೆಗೆ ವಿಚಿತ್ರವಾಗಿದ್ದ. ಉರಿಬಿಸಿಲಲ್ಲೂ ತುಂಬುತೋಳಿನ ಅಂಗಿ. ಮಣಿಕಟ್ಟಿನ ಗುಂಡಿ ಬಿಚ್ಚದೆಯೇ ಊಟಕ್ಕೆ ಕೂರುತ್ತಿದ್ದ. “ಏನಣ್ಣ ಇದು ವೇಷ?” ಎಂದರೆ, “ನಿಂಗೆ ಅರ್ಥ ಆಗಲ್ಲ ಬಿಡೇ. ಕೆಲವರ ಹುಟ್ಟೇ ಬೇರೆ” ಎಂದು ನಕ್ಕಿದ್ದ.

ತನ್ನ ಹೊಸ ಕನ್ನಡಕಕ್ಕೆಂದು ಅವಳು ಅಜ್ಜಿಯ ಪೆಟ್ಟಿಗೆಯಲ್ಲಿ ಕೂಡಿಟ್ಟಿದ್ದ ದುಡ್ಡು ಈಗ ಅವಳ ಚೀಲದಲ್ಲಿತ್ತು. ಮಂಗಳವಾರವನ್ನು ಬೇಕೆಂದೇ ಆರಿಸಿದ್ದಳು. ಅಂದು ಅಜ್ಜಿ ಹಲ್ಲಿನ ಡಾಕ್ಟರ ಹತ್ತಿರ ಹೋಗುವ ದಿನ. ಎಲ್ಲಿಗೆ ಹೊರಟೆ ಎಂದು ಕೇಳುವವರಿಲ್ಲ. ಒಂದೂ ಹಲ್ಲಿಲ್ಲದ ಬಾಯಲ್ಲಿ ಡಾಕ್ಟರು ವಾರವಾರ ಏನು ನೋಡುತ್ತಾರೆಂದು ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಅಂಗಡಿಯವನನ್ನು ಬೀದಿಯವರು ಭೂತಗನ್ನಡಿ ಎಂದೇ ಕರೆಯುತ್ತಿದ್ದರು. ಕಣ್ಣಿಗೆ ಸಿಕ್ಕಿಸಿದ ಗಾಜನ್ನು ಅವನು ಊಟಕ್ಕೂ ಕಳಚುವುದಿಲ್ಲವಂತೆ. ಅಂಗೈಯಗಲದ ಅಂಗಡಿ. ಹಿಂದೆ ಒಂದು ಪರದೆ.

“ಕೀ ಕೊಡೋ ಹಳೇ ವಾಚು ಬೇಕಿತ್ತು. ನಾನು ಹುಟ್ಟಿದ ವರ್ಷದ್ದು.”

“ಯಾವ ವರ್ಷ ತಾಯಿ?”

“ತೊಂಬತ್ತೆರಡು.”

“ಅಷ್ಟು ಓಡಿರೋ ಹಾಗೆ ಕಾಣಲ್ಲ ನೀವು.”

“ವಾಚು ತೋರಿಸಿ ಯಜಮಾನ್ರೇ.”

ಅವನು ಪರದೆಯ ಹಿಂದೆ ಹೋದ. ಯಾವುದೋ ಡ್ರಾಯರ್ ಎಳೆದ ಸದ್ದು. ಬರಿಗೈಲಿ ಹೊರಗೆ ಬಂದು, ಗಲ್ಲಾದ ಮುಂದೆ ಏನೂ ಆಗಿಲ್ಲವೆಂಬಂತೆ ಕೂತ. ಒಳಗಿಂದ ಕರಕರ ಸದ್ದು ಬರತೊಡಗಿತು.

“ಏನದು?”

“ಇಲಿ ತಾಯಿ. ವಯಸ್ಸಾಗಿದೆ. ಓಡಿಸೋಕೆ ಮನಸ್ಸು ಬರಲ್ಲ.”

ಸದ್ದು ನಿಂತಿತು. ಅವನು ಮತ್ತೆ ಎದ್ದು ಒಳಗೆ ಹೋಗಿ, ಒಂದು ಬಟ್ಟೆಯ ಚೀಲ ತಂದು ಅವಳ ಮುಂದಿಟ್ಟ. ಚೀಲದ ತುಂಬ ನೀಲಿ ಮೀನುಗಳು. ಚಿಕ್ಕಂದಿನಲ್ಲಿ ಅವಳ ಕೋಣೆಯ ಕಿಟಕಿಗೆ ಇದ್ದದ್ದೂ ಇಂಥದೇ ಮೀನಿನ ಪರದೆ! ಯಾವುದೋ ಜನ್ಮದ ಋಣ ಎಂದುಕೊಂಡು ವಾಚು ಹೊರತೆಗೆದಳು.

ನಾಲ್ಕು ಗಂಟೆ ಹತ್ತು ನಿಮಿಷ.

ಅವಳು ಗಂಟೆ ಹೇಳಿರಲಿಲ್ಲ. ಆ ಬಗ್ಗೆ ತುಟಿಯನ್ನೇ ಬಿಚ್ಚಿರಲಿಲ್ಲ.

ಆದರೂ ಕರಡು ತಿದ್ದುವ ಕೈ ಸುಮ್ಮನಿರಬೇಕಲ್ಲ. ರಿಪೇರಿ ಮಾಡುವವರು ಹಿಂಬದಿ ಮುಚ್ಚಳದ ಒಳಮೈಗೆ ಸೂಜಿಯಿಂದ ಇಸವಿ ಗೀಚಿಡುತ್ತಾರೆಂದು ಅವಳು ಎಲ್ಲೋ ಓದಿದ್ದಳು.

“ಮುಚ್ಚಳ ತೆಗೀರಿ. ಒಳಗೆ ನೋಡದೆ ದುಡ್ಡು ಕೊಡಲ್ಲ.”

ಅವನು ತೆಗೆದ. ಒಳಗೆ, ಕೂದಲೆಳೆಯಷ್ಟು ತೆಳ್ಳಗೆ, ‘೯೨’. ಎರಡರ ಬಾಲ ಹಳೇ ಕಾಲದವರ ಬರಹದಂತೆ ಸುರುಳಿ ಸುತ್ತಿತ್ತು. ಗೀರು ಈಗಷ್ಟೇ ಬೆಳಗಿದ ಪಾತ್ರೆಯಂತೆ ಥಳಥಳ ಹೊಳೆಯುತ್ತಿತ್ತು. ಮೂವತ್ತು ಚಿಲ್ಲರೆ ವರ್ಷ ಕತ್ತಲಲ್ಲಿದ್ದರೂ ಒಂದಿಷ್ಟೂ ಮಾಸಿಲ್ಲವಲ್ಲ ಎಂದು ಅವಳ ಕಣ್ಣು ತುಂಬಿ ಬಂತು.

ಅವನು ಬೆಲೆ ಹೇಳಿದ. ಕನ್ನಡಕದ ದುಡ್ಡಿಗಿಂತ ಒಂದು ಕಾಸು ಹೆಚ್ಚಿಲ್ಲ, ಒಂದು ಕಾಸು ಕಡಿಮೆಯಿಲ್ಲ. ಇನ್ನೇನು ಸಾಕ್ಷಿ ಬೇಕು?

“ಕೀ ಕೊಟ್ಟು ನೋಡ್ಲಾ?”

“ಬೇಡ ಬೇಡ! ಅದು ನಿಂತಿರೋದಕ್ಕೇ ಬೆಲೆ. ಯಾರಿಗೂ ತೋರಿಸ್ಬೇಡಿ ತಾಯಿ. ಹತ್ತು ಕಣ್ಣು ಬಿದ್ರೆ ಸತ್ವ ಹೋಗುತ್ತೆ.”

ಅವಳು ವಾಚು ಕಟ್ಟಿಕೊಂಡಳು. ಅಂಗಿಯ ತೋಳನ್ನು ಕೆಳಗೆಳೆದು ಮಣಿಕಟ್ಟಿನ ಗುಂಡಿ ಹಾಕಿಕೊಂಡಳು. ಮೆಟ್ಟಿಲಿಳಿದಾಗ ಬೀದಿಯ ಗಾಡಿಗಳೆಲ್ಲ ತನಗಾಗಿಯೇ ಒಂದು ಕ್ಷಣ ನಿಂತಂತಾಯಿತು. ಎದುರಿಗೆ ಬಂದ ಕನ್ನಡಕದಂಗಡಿಯನ್ನು ತಲೆ ಎತ್ತಿ ದಾಟಿದಳು.

ಭೂತಗನ್ನಡಿ ಗಲ್ಲಾ ಮುಚ್ಚಿ ಪರದೆ ಸರಿಸಿದ. “ಒಂದೊಂದ್ಸಲ ಪಾಪ ಅನ್ನಿಸುತ್ತಮ್ಮಾ.”

“ಪಾಪ ಯಾಕೋ? ಬರುವಾಗ ಗೂನು ಬೆನ್ನಲ್ಲಿ ಬಂದ್ಲು. ಹೋಗುವಾಗ ನೋಡಿದ್ಯಾ, ರಾಣಿ ಹಾಗೆ ಹೋದ್ಲು,” ಎಂದಳು ಸ್ಟೂಲಿನ ಮೇಲೆ ಕೂತ ಅಜ್ಜಿ. ಹಲ್ಲಿಲ್ಲದ ಬಾಯಲ್ಲಿ ದಾರ ಕಡಿಯಲಾಗದೆ, ಮಡಿಲಿನ ನೀಲಿ ಮೀನುಗಳ ನಡುವೆ ಕತ್ತರಿಗಾಗಿ ತಡಕಾಡಿದಳು. “ಮುಂದಿನದು ಕಿರಿಮಗಳ ಮಗ, ತೊಂಬತ್ತೈದು. ಅಂಗಡಿ ವಿಷಯ ನಿನ್ನೆ ಅವನ ಕಿವಿಗೆ ಹಾಕಿದೀನಿ. ಮುಳ್ಳು ನಾಲ್ಕು ಹತ್ತಕ್ಕೇ ಇರಲಿ.”