ತೊಟ್ಟಿನ ಹಾಲು

ಈಗಲೂ ಮೇಪಲ್ ಎಲೆಯ ತೊಟ್ಟು ಮುರಿದಾಗ ಬರುವ ಹಸಿ ವಾಸನೆ ನನಗೆ ಆಗಿಬರುವುದಿಲ್ಲ.

ಆಗ ನನಗೆ ಒಂಬತ್ತು ವರ್ಷ. ನಾವು ಬಂದು ನೆಲೆಸಿದ್ದ ಈ ಪರದೇಶದ ಕಾಡಲ್ಲೇ ತಾನಾಗಿ ಬೆಳೆಯುವ ಮೇಪಲ್ ಮರ ಗುರುತಿಸಿ, ಅದರ ಎಲೆ ತರಬೇಕೆಂದು ಟೀಚರ್ ಹೇಳಿದ್ದರು. ಅಪ್ಪ ನನ್ನನ್ನು ಮನೆ ಹತ್ತಿರದ ಕ್ಯಾನ್ಯನ್ ಪಾರ್ಕ್ ಬಡಾವಣೆಯ ಆಫೀಸುಗಳ ಹಿಂದಿನ ಕಾಡಿಗೆ ಕರೆದುಕೊಂಡು ಹೋಗಿ, ಮರಮರಕ್ಕೂ ಫೋನ್ ಹಿಡಿದು ಹೆಸರು ಹುಡುಕುತ್ತಿದ್ದರು. ಮೈಸೂರಿನಿಂದ ಬಂದಿದ್ದ ಅಜ್ಜಿ ಸೀರೆಯ ಮೇಲೆ ಅಪ್ಪನ ಹಳೇ ಜಾಕೆಟ್ ಹಾಕಿಕೊಂಡು ಹಿಂದೆ ಬರುತ್ತಿದ್ದರು. ಹಬ್ಬಹಬ್ಬಕ್ಕೂ ಊಟಕ್ಕೆ ಮುತ್ತುಗದ ಎಲೆ ಹಚ್ಚಿದ ಕೈ ಅವರದು. ಪಾಚಿ ಹತ್ತಿದ ಮರವೊಂದರಿಂದ ತಟ್ಟೆಯಷ್ಟು ಅಗಲದ ಎಲೆ ಕಿತ್ತರು.

“ಎಷ್ಟಗಲ ನೋಡು! ಇದೊಂದರಲ್ಲೇ ಊಟ ಬಡಿಸಬಹುದು,” ಎಂದು ತೊಟ್ಟು ಮುರಿದರು. “ಅಯ್ಯೋ, ಹಾಲು ಬರುತ್ತಲ್ಲ. ಊಟಕ್ಕಾಗಲ್ಲ ಬಿಡು.”

ನಾಯಿ ಹಿಡಿದುಕೊಂಡು ಬಂದ ಹೆಂಗಸೊಬ್ಬಳು ನಿಂತು ನೋಡಿದಳು.

“ಅಮ್ಮಾ, ಸಿಕ್ಕಿದ್ದೆಲ್ಲ ಕೀಳ್ಬೇಡ, ಜನ ನೋಡ್ತಿದಾರೆ,” ಎಂದರು ಅಪ್ಪ, ಹಲ್ಲು ಕಚ್ಚಿ.

“ಸ್ಟಾಪ್ ಇಟ್, ಅಜ್ಜಿ,” ಎಂದೆ ನಾನೂ.

ಅಜ್ಜಿ ಎಲೆ ಕೆಳಗೆ ಹಾಕಿ, ಅಂಟಂಟಾದ ಬೆರಳನ್ನು ಸೆರಗಿಗೆ ಒರೆಸಿಕೊಂಡರು. ಅಷ್ಟು ದೊಡ್ಡ ಎಲೆ ಬಿಡಲು ಮನಸ್ಸಾಗದೆ ನಾನು ಸದ್ದಿಲ್ಲದೆ ಬ್ಯಾಗಿಗೆ ಸೇರಿಸಿದ್ದೆ.

ಸೋಮವಾರ ಟೀಚರ್, ಅಪ್ಪ ಫೋನ್ ನೋಡಿ ಆರಿಸಿದ ಎಲೆಯನ್ನು ಪಕ್ಕಕ್ಕಿಟ್ಟು, ಅಜ್ಜಿಯದನ್ನು ಎತ್ತಿ ಕ್ಲಾಸಿಗೆಲ್ಲ ತೋರಿಸಿದರು. ಇಷ್ಟು ದೊಡ್ಡ ಎಲೆ, ತೊಟ್ಟು ಮುರಿದರೆ ಹಾಲು, ಇದೇ ಇಲ್ಲಿನ ಕಾಡು ಮೇಪಲ್ಲಿನ ಗುರುತು ಎಂದರು.

ಸಂಜೆ ಅಜ್ಜಿ ಕೇಳಿದರು, “ಟೀಚರ್ ಎಲೆ ಒಪ್ಪಿದ್ರಾ, ಮಗು?”

“ಹ್ಞೂಂ, ಅಪ್ಪಂದು,” ಎಂದೆ, ಟೀವಿಯಿಂದ ಕಣ್ಣು ತೆಗೆಯದೆ.

“ಸದ್ಯ, ನಾನು ಕಿತ್ತಿದ್ದು ತಗೊಂಡು ಹೋಗ್ಲಿಲ್ವಲ್ಲ,” ಎಂದು ಅಜ್ಜಿ ನಕ್ಕರು.