ಸಣ್ಣ ಸಿಡಿ ಮೊದಲು

ಋತುಜಾಳಿಗೆ ಜಪಾನಿ ಭಾಷೆಯ ಒಂದಕ್ಷರವೂ ಬರುತ್ತಿರಲಿಲ್ಲ. ಜಪಾನಿ ಕಾರ್ಟೂನ್ ಚಿತ್ರಗಳಲ್ಲಿ ಹೆಣ್ಣು, ನಿಸರ್ಗ, ಯುದ್ಧ ಎಂದು ಹದಿನಾಲ್ಕು ಪುಟ ಬರೆಯಲು ಅದೇನೂ ಅಡ್ಡ ಬಂದಿರಲಿಲ್ಲ. ಮಿರಜ್ ಸ್ಟೇಷನ್ನಿನ ಎದುರು ಸಿಕ್ಕ ಎರಡು ಸಿಡಿಗಳ ಒಂದು ಚಿತ್ರ, ಹಾಸ್ಟೆಲ್ ಲೈಬ್ರರಿಯ ದಪ್ಪ ದಪ್ಪ ಪುಸ್ತಕ, ಇಷ್ಟೇ ಅವಳ ಬಂಡವಾಳ.

ಈಗ ಸಾಂಗ್ಲಿಯ ಕಾಲೇಜಿನ ಸೆಮಿನಾರಿನಲ್ಲಿ ಅದನ್ನು ಮರಾಠಿಯಲ್ಲಿ ಓದಿ ಮುಗಿಸುತ್ತಿದ್ದಳು. ಮುಂದಿನ ಸಾಲಿನಲ್ಲಿ ಪುಣೆಯ ಮೇಡಂ. ಅವರ ಬಳಿ ಪಿಎಚ್.ಡಿ.ಗೆ ಇದ್ದದ್ದು ಒಂದೇ ಸೀಟು. ಹಿಂದಿನ ಸಾಲಿನಲ್ಲಿ ತಾಯಿಯ ತಂಗಿ ಅಲಕಾ ಮಾವಶಿ; ಋತುಜಾ ಆ ಚಿತ್ರ ನೋಡಿದ್ದು ಅವಳ ಮನೆಯಲ್ಲೇ. ಸಾಂಗ್ಲಿವಾಡಿಯಿಂದ ಸೇತುವೆ ದಾಟಿ ಡಬ್ಬಿ ತಂದಿದ್ದಳು. ಸೆಮಿನಾರು ಎಷ್ಟೇ ಎಳೆಯಲಿ, ಜೈನರ ಮನೆಯ ಹುಡುಗಿ ಹೊತ್ತು ಮುಳುಗುವ ಮೊದಲೇ ಉಣ್ಣಬೇಕು.

ಚಿತ್ರ ಶುರುವಾಗುವುದೇ ಬಾಂಬಿನ ಹೊಗೆಯಲ್ಲಿ, ಎಂದು ಓದಿದಳು ಋತುಜಾ. ವಿಮಾನದಲ್ಲಿ ಕೂದಲು ಕತ್ತರಿಸಿಕೊಂಡ ಹೆಣ್ಣು ಸೇನಾಪತಿ. ನಡುವೆ ಸಾಲುಸಾಲು ಹೆಸರುಗಳು, ಆಮೇಲೆ ಚಿತ್ರದ ಶೀರ್ಷಿಕೆ. ಕೊನೆಗೆ ಅದೇ ಹೆಣ್ಣು ಎರಡು ಜಡೆಯ ಹುಡುಗಿಯಾಗಿ ಕೆರೆಯಲ್ಲಿ ಕಪ್ಪೆಗಳ ಜೊತೆ ಆಡುತ್ತಾಳೆ. ಯುದ್ಧ ಬಿಟ್ಟ ಹೆಣ್ಣು ನಿಸರ್ಗಕ್ಕೆ ಮರಳಿ ಮಗುವಾಗುತ್ತಾಳೆ. ಜಡೆ ಮತ್ತೆ ಬೆಳೆದದ್ದೇ ಗಂಡಾಳ್ವಿಕೆಗೆ ಅವಳು ಕೊಟ್ಟ ಉತ್ತರ.

ಚಪ್ಪಾಳೆ ಬಿತ್ತು. ಮೇಡಂ ಪೆನ್ನಿನ ಟೊಪ್ಪಿಗೆ ತೆಗೆದರು. "ಹೆಸರುಗಳನ್ನು ನಡುವೆ ತಂದು ಕಾಲವನ್ನೇ ತಿರುಗಿಸಿಬಿಟ್ಟಿದ್ದಾನೆ. ಎಂಥ ಧೈರ್ಯ ಆ ನಿರ್ದೇಶಕನದು," ಎಂದು ಮರಾಠಿಯಲ್ಲಿ ಮೆಚ್ಚಿದರು.

ಮಾವಶಿಗೆ ಮರಾಠಿ ಚೆನ್ನಾಗಿ ತಿಳಿಯುತ್ತಿತ್ತು. ಹೊಗಳಿಕೆ ಬೇರೆಯವರ ಮನೆಗೆ ಹೋಗುತ್ತಿದೆ ಎನಿಸಿ ಎದ್ದು ನಿಂತಳು.

"ಅಗ ಋತು, ಅದು ಅಂವಾ ಮಾಡಿದ್ದಲ್ಲ, ನಾ ಮಾಡಿದ್ದು. ಹೊತ್ತ ಮುಣಗಾಕ ಬಂದಿತ್ತು, ಊಟ ಆಗಬೇಕಿತ್ತಲ್ಲ? ಅದಕ್ಕ ಸಣ್ಣ ಸಿಡಿ ಮೊದಲ ಹಾಕಿದ್ನಿ."

"ಸಣ್ಣದು ಅಂದ್ರ?"

"ಎರಡನೇದು. ಉಂಡ ಮ್ಯಾಲ ಮೊದಲನೇದು ಹಾಕಿದ್ನಿ."

"ಮತ್ತ ಹೇಳಬಾರದಾಗಿತ್ತ, ಮಾವಶಿ?"

"ಕಪ್ಪಿ ಸಿನಿಮಾಕ್ಕ ಹಿಂದೇನು, ಮುಂದೇನು? ನೀನರ ಎಲ್ಲಿ ಕೇಳಿದಿ? ಹೆಸರು ಬಂದಾಗ ವಹಿ ತುಂಬ ಬರಕೋತ ಕುಂತಿದ್ದಿ."

ಮೊದಲು ನಕ್ಕವರು ಕನ್ನಡ ತಿಳಿದವರು. ಶ್ರೀಪಾಲ ಸರ್ ಋತುಜಾಳ ಎಂ.ಎ. ಪ್ರಬಂಧದ ಗೈಡು. ಮಾನ ಉಳಿಸಬೇಕಾದವರೇ ಹೊಟ್ಟೆ ಹಿಡಿದುಕೊಂಡು ಅದನ್ನು ಮರಾಠಿಗೆ ತಿರುಗಿಸಿ ಹೇಳಿದರು. ಉಳಿದವರ ಸರದಿ ಆಗ ಬಂತು. ಯಾರೋ ಕುರ್ಚಿಯಿಂದ ಜಾರಿದರು. ಮೇಡಂ ಸೆರಗಿನಿಂದ ಕಣ್ಣೊರೆಸಿಕೊಂಡರು. ಋತುಜಾಳಿಗೂ ನಗು ಒತ್ತರಿಸಿ ಬಂದು, ಮೈಕು ಬಾಯಿಯ ಮುಂದೆಯೇ ಇದ್ದುದರಿಂದ, ಎಲ್ಲರಿಗಿಂತ ಜೋರಾಗಿ ಕೇಳಿಸಿತು. ಯಾಕೆ ನಗುತ್ತಿದ್ದಾರೆಂದು ತಿಳಿಯದೆ ಮಾವಶಿ ಡಬ್ಬಿಯ ಮುಚ್ಚಳ ತೆಗೆದಳು.

"ಸರಿ," ಮೇಡಂ ಕೆಮ್ಮುತ್ತ ಕೇಳಿದರು, "ಹಾಗಾದರೆ ನೆಟ್ಟಗೆ ನೋಡಿದರೆ ಏನಾಗುತ್ತದೆ?"

ಋತುಜಾ ಮನಸ್ಸಿನಲ್ಲೇ ಸಿಡಿಗಳನ್ನು ಅದಲುಬದಲು ಮಾಡಿದಳು. ಕೆರೆಯ ಹುಡುಗಿ ಜಡೆ ಕತ್ತರಿಸಿಕೊಂಡು ಬಾಂಬಿನ ಹೊಗೆಯೊಳಗೆ ಹೋದಳು. ನಗು ಇನ್ನೂ ಮುಖದ ಮೇಲಿತ್ತು, ಇಳಿಸಲು ಸಮಯ ಸಿಗಲಿಲ್ಲ.

ಸೀಟು ಕೊಲ್ಹಾಪುರದ ಹುಡುಗನಿಗೆ ಹೋಯಿತು. ಒಟ್ಟಿನಲ್ಲಿ ಹೋದದ್ದು ಇಷ್ಟು: ಹದಿನಾಲ್ಕು ಪುಟ, ಒಂದು ಸೀಟು, ಎರಡು ಜಡೆ, ಒಂದು ಕೆರೆ, ಅದರಲ್ಲಿದ್ದ ಕಪ್ಪೆಗಳಷ್ಟೂ.